ಮೂರು ಯಂತ್ರಗಳ ಸಂಗೀತ

ಹಗಲೆಲ್ಲ ಕಛೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ರಾತ್ರಿ ನಾಲ್ವರು ಕೂಡಿರುವ ಬಾಡಿಗೆ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲೇ ಹಾಡು ಕಟ್ಟುವ ತರುಣರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿಯೂ ಉಂಟು. ಹಾಡು ಮಬ್ಬಾಗಿ ಕೇಳಿಸಿದರೆ ಅವರಿಗೆ ಮೊದಲು ನೆನಪಾಗುವುದು ಕೋಠಿಯ ಗುಜರಾತಿ ಗಲ್ಲಿ. ಕಳೆದ ವರ್ಷ ನಮ್ಮವರೊಬ್ಬರು ಚೀಟಿಯ ಹಣ ಎತ್ತಿ ದೊಡ್ಡ ಸ್ಪೀಕರು ಕೊಂಡರು. ಹಾಡಿನಲ್ಲಿ ಇಪ್ಪತ್ತೆರಡು ದನಿಗಳಿದ್ದುವು; ಮಬ್ಬು ಹಾಗೆಯೇ ಉಳಿಯಿತು. ಊರಿಗೆ ಹೋಗಬೇಕಾಗಿದ್ದ ಹಣ ಮಾತ್ರ ಎರಡು ತಿಂಗಳು ನಿಂತಿತು.

ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳ ಗ್ರಾಮಫೋನ್ ತಟ್ಟೆಯೊಂದನ್ನು ಧ್ವನಿಮುದ್ರಿಸಿದರು. ಅದರಲ್ಲಿ ದುಡಿದದ್ದು ಮೂರೇ ಯಂತ್ರಗಳು, ಮೂರೂ ಜಪಾನಿನ ರೋಲೆಂಡ್ ಕಂಪನಿಯವು. ಟಿಆರ್-808 ತಾಳ ಹಿಡಿಯಿತು, ಟಿಬಿ-303 ಮಂದ್ರದಲ್ಲಿ ಓಡಿತು, ಜುಪಿಟರ್-8 ರಾಗ ನುಡಿಸಿತು. ತಟ್ಟೆ ಆಗ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ ಹೊರದೇಶದ ಕೇಳುಗರು ಬೆರಗಾದರು: ಷಿಕಾಗೋ ನಗರದಲ್ಲಿ ಅದೇ 303ರಿಂದ 'ಆಸಿಡ್ ಹೌಸ್' ಎಂಬ ಕುಣಿತದ ಸಂಗೀತ ಹುಟ್ಟಿದ್ದು ಇದಾದ ಕೆಲವು ವರ್ಷಗಳ ಮೇಲೆ! ಸಿಂಗ್ ಅವರು 2015ರಲ್ಲಿ ತೀರಿಕೊಂಡರು.

ಆ ತಟ್ಟೆಯಲ್ಲಿ ಪ್ರತಿ ದನಿಗೂ ಅದರದೇ ಜಾಗವಿದೆ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಒಂದೇ ಎತ್ತರದಲ್ಲಿ ಎರಡು ದನಿ ಕೂಡಿದರೆ ಜೋರಿನದು ಮೆತ್ತಗಿನದನ್ನು ಮುಚ್ಚಿಬಿಡುತ್ತದೆ. ಕೋಣೆಯ ಒಂದೇ ಗೂಟಕ್ಕೆ ನಾಲ್ವರೂ ಅಂಗಿ ತೂಗುಹಾಕಿದರೆ ಬೇಕಾದ ಅಂಗಿ ಸಿಕ್ಕೀತೆ? ಕಲಬುರಗಿ ಕಡೆಯ ತತ್ವಪದಗಾರರು ಇದನ್ನು ಬಲ್ಲರು: ಏಕತಾರಿ ಒಂದೇ ಸ್ವರ ಹಿಡಿದಿರುತ್ತದೆ, ಮೇಲೆ ತಾಳದ ಸದ್ದು, ನಡುವಿನ ಬಯಲೆಲ್ಲ ಪದಕ್ಕೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದಾಗ ಆ ಪೆಟ್ಟಿಗೆಗೆ ಒಪ್ಪಿಸಿದ್ದೂ ಒಂದೇ ಕೆಲಸ, ಶ್ರುತಿ.

ಆದ್ದರಿಂದ ಮೊದಲು ನಿಮ್ಮ ಹಾಡಿನ ದನಿಗಳನ್ನು ಒಂದೊಂದಾಗಿ ಮುಚ್ಚಿ ಕೇಳಿರಿ. ಮುಚ್ಚಿದರೂ ಕೊರತೆ ಕಾಣದಿದ್ದರೆ ಅದನ್ನು ತೆಗೆದುಬಿಡಿರಿ. (ಕಷ್ಟಪಟ್ಟು ಮಾಡಿದ್ದನ್ನು ಬಿಡಲು ಮನಸ್ಸು ಬಾರದು, ನಾವೂ ಬಲ್ಲೆವು.) 100 ಕಂಪನಗಳ ಕೆಳಗಿನ ಜಾಗವನ್ನು ತಾಳದ ದೊಡ್ಡ ಪೆಟ್ಟಿಗೂ ಮಂದ್ರಕ್ಕೂ ಬಿಟ್ಟು, ಉಳಿದ ದನಿಗಳಲ್ಲಿ ಆ ಭಾಗವನ್ನು ಕತ್ತರಿಸಿರಿ. ಒಂದು ದನಿ ಕೇಳಿಸದಿದ್ದಲ್ಲಿ ಅದನ್ನು ಏರಿಸುವ ಬದಲು ಅದನ್ನು ಮುಚ್ಚಿರುವುದನ್ನು ಇಳಿಸಿರಿ. ಕೆಂಪು ಗುರುತು ಮುಟ್ಟಿದರೆ ದನಿ ಒಡೆಯುತ್ತದೆ. ಕೇಳುವುದು ಮೆತ್ತಗಿರಲಿ, ಜೋರಾಗಿಟ್ಟರೆ ಎಲ್ಲವೂ ಚೆನ್ನೆನಿಸುವುದು ಕಿವಿಯ ಗುಣ. ಕಡೆಗೆ ಮೊಬೈಲಿನ ಸ್ಪೀಕರಿನಲ್ಲೂ ಒಮ್ಮೆ ಕೇಳಿರಿ. ಅದರಲ್ಲಿ ಮಂದ್ರ ಬಹುಮಟ್ಟಿಗೆ ಬಾರದು, ಆದರೆ ನಮ್ಮ ಜನ ಕೇಳುವುದು ಅದರಲ್ಲಿಯೇ.

ಗುಜರಾತಿ ಗಲ್ಲಿಗೆ ಹೋಗಲೇಬೇಕೆಂದರೆ ತಂತಿಯಿರುವ ಒಂದು ಒಳ್ಳೆಯ ಇಯರ್‌ಫೋನ್ ತನ್ನಿರಿ. ತಂತಿಯಿಲ್ಲದ್ದರಲ್ಲಿ ದನಿ ತುಸು ತಡವಾಗಿ ಬರುವುದರಿಂದ ತಾಳ ಒತ್ತುವ ಬೆರಳು ತಪ್ಪುತ್ತದೆ.