ಆಲಿಕಲ್ಲಿನ ಊರಿಗೆ ಡಾಂಬರಿನ ಹೆಂಚು

ರಸ್ತೆಗೆ ಹಾಕುವ ಡಾಂಬರನ್ನು ಮನೆಯ ಮಾಡಿಗೂ ಹೊದೆಸುತ್ತಾರೆ ಎಂದರೆ ನಮ್ಮ ಕಡೆಯ ಮಕ್ಕಳು ನಗಬಹುದು. ಅಮೆರಿಕದಲ್ಲಿ ಹೆಚ್ಚಿನ ಮನೆಗಳ ಮೇಲಿರುವುದು ಅದೇ. ಅಲ್ಲಿ ಅದಕ್ಕೆ ಶಿಂಗಲ್ಸ್ ಎನ್ನುತ್ತಾರೆ. ದೂರದಿಂದ ನೋಡಿದರೆ ಮರದ ಹಲಗೆ ತುಂಡುಗಳನ್ನೋ ತೆಳು ಕಲ್ಲಿನ ಚಪ್ಪಡಿಗಳನ್ನೋ ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಕೈಗೆ ತೆಗೆದುಕೊಂಡಾಗಲೇ ಗೊತ್ತಾಗುವುದು, ಅದು ಬಾಗುವ, ಬಡಗಿಯ ಉಪ್ಪುಕಾಗದದಂತೆ ಒರಟಾದ ಒಂದು ಹಾಳೆ ಎಂದು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಮನೆ ಕಟ್ಟುವ ವಿದ್ಯೆ ನನ್ನದಲ್ಲ. ಆದರೆ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಪಕ್ಕದ ಪ್ಲೇನೊ ಊರಿನಲ್ಲಿ ಮಗಳ ಮನೆಯಲ್ಲಿ ನಾವಿಬ್ಬರೂ ಇದ್ದಾಗ, ಏಪ್ರಿಲ್ ತಿಂಗಳ ಒಂದು ಸಂಜೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿತ್ತು. ಹತ್ತೇ ನಿಮಿಷ. ಮಾಡು ಕೆಟ್ಟಿತು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹೀಗಾಗಿ ವಿಮೆಯ ಕಾಗದ, ಗುತ್ತಿಗೆದಾರರ ಅಂದಾಜುಪಟ್ಟಿ, ಹೆಂಚಿನ ಕಂಪನಿಗಳ ಗ್ಯಾರಂಟಿ ಪತ್ರ ಎಲ್ಲವನ್ನೂ ಕೂತು ಓದುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳು ಹೊರದೇಶದಲ್ಲಿ ಮನೆ ಕೊಂಡಿರುವ ಅಜ್ಜ ಅಜ್ಜಿಯರು ನಮ್ಮ ಓದುಗರಲ್ಲಿ ಬಹಳ ಮಂದಿ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಹಾಳೆಯಲ್ಲಿ ಏನಿದೆ ನೋಡೋಣ. ನಡುವೆ ಗಾಜಿನ ನೂಲಿನ ತೆಳುವಾದ ಹಾಸು. ಅದರ ಎರಡೂ ಬದಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿದ ಡಾಂಬರು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ವಸ್ತುವೇ ಈ ಡಾಂಬರು. ಎಲ್ಲಕ್ಕಿಂತ ಮೇಲೆ ಬಣ್ಣ ಕೊಟ್ಟು ಸುಟ್ಟ ಸಣ್ಣ ಕಲ್ಲಿನ ಹರಳುಗಳು. 1903ರಲ್ಲಿ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಹೆನ್ರಿ ರೆನಾಲ್ಡ್ಸ್ ಎಂಬ ಗುತ್ತಿಗೆದಾರ, ಅದುವರೆಗೆ ಸುರುಳಿಯಾಗಿ ಬರುತ್ತಿದ್ದ ಡಾಂಬರು ಹಾಳೆಯನ್ನು ತುಂಡು ತುಂಡು ಕತ್ತರಿಸಿ ಹೆಂಚಿನ ಹಾಗೆ ಜೋಡಿಸಿದನಂತೆ. ಆಗ ಗಾಜಿನ ನೂಲು ಇರಲಿಲ್ಲ. ಹಳೆಯ ಹತ್ತಿ ಬಟ್ಟೆಯ ಚಿಂದಿಯಿಂದ ಮಾಡಿದ ಹಾಸಿಗೆ ಡಾಂಬರು ಕುಡಿಸುತ್ತಿದ್ದರು.

ಹರಳು ಬರೀ ಅಂದಕ್ಕಲ್ಲ. ಬಿಸಿಲು ಡಾಂಬರಿನ ಶತ್ರು. ನೇರ ಬಿಸಿಲು ಬಿದ್ದರೆ ಅದು ಒಣಗಿ ಬಿರುಕು ಬಿಡುತ್ತದೆ. ಹರಳು ಅದಕ್ಕೆ ಹಿಡಿದ ಕೊಡೆ. ಆಲಿಕಲ್ಲು ಬಿದ್ದಾಗ ಈ ಹರಳು ಉದುರುತ್ತದೆ, ಒಳಗಿನ ಗಾಜಿನ ಹಾಸು ಬಿರಿಯುತ್ತದೆ. ಮರುದಿನ ಮಗಳ ಮನೆಯ ನೀರಿನ ದೋಣಿಯಲ್ಲಿ ಬೊಗಸೆಗಟ್ಟಲೆ ಹರಳು ಇತ್ತು. ಆದರೆ ಮನೆಯೊಳಗೆ ಒಂದು ಹನಿಯೂ ಸೋರಿರಲಿಲ್ಲ. "ಸೋರದ ಮಾಡನ್ನು ಯಾಕೆ ಬದಲಿಸಬೇಕು ಮಾವ?" ಎಂದು ಅಳಿಯ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಪೆಟ್ಟು ಬಿದ್ದ ಜಾಗವನ್ನು ಒಂದೆರಡು ಬೇಸಿಗೆ ಬಿಸಿಲು ತಿಂದ ಮೇಲೆ ಸೋರಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ವಿಮೆ ಕೇಳುವ ಗಡುವು ಮುಗಿದಿರುತ್ತದೆ. ಆದ್ದರಿಂದ ಆಲಿಕಲ್ಲು ಬಿದ್ದ ದಿನಾಂಕ ಬರೆದಿಟ್ಟು, ಫೋಟೊ ತೆಗೆದು, ಆ ವಾರವೇ ವಿಮೆಯವರಿಗೆ ತಿಳಿಸುವುದು ಒಳ್ಳೆಯದು.

ಇನ್ನು ಆಯ್ಕೆಗೆ ಬರೋಣ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದು, ತ್ರೀ ಟ್ಯಾಬ್. ಒಂದೇ ಪದರ, ಎರಡು ಕಡೆ ಸೀಳಿರುವುದರಿಂದ ಮೂರು ತುಂಡಿನ ಹಾಗೆ ಕಾಣುತ್ತದೆ. ಅಗ್ಗ, ಹಗುರ, ಗಂಟೆಗೆ ನೂರು ಕಿಲೊಮೀಟರ್ ಹತ್ತಿರದ ಗಾಳಿಗಷ್ಟೇ ಸಾಮಾನ್ಯವಾಗಿ ಅದರ ಗ್ಯಾರಂಟಿ. ಇದರ ಬಳಕೆ ಈಗ ಕಡಿಮೆಯಾಗುತ್ತಿದೆ. ಇನ್ನೊಂದು ಆರ್ಕಿಟೆಕ್ಚರಲ್ ಎನ್ನುವುದು, ಎರಡು ಪದರ ಅಂಟಿಸಿದ್ದು. ಇದು ಗಂಟೆಗೆ 175ರಿಂದ 210 ಕಿಲೊಮೀಟರ್ ಗಾಳಿಗೂ ನಿಲ್ಲುತ್ತದೆಂದು ಬರೆದುಕೊಡುತ್ತಾರೆ. ದುಬಾರಿಯ ಮೂರನೆಯದೂ ಒಂದಿದೆ, ಅರಮನೆಯಂತೆ ಕಾಣಬೇಕೆನ್ನುವವರಿಗೆ. ಅದರ ಮಾತು ನಮಗೆ ಬೇಡ.

ಎಲ್ಲರೂ ಇಲ್ಲಿಗೇ ನಿಲ್ಲಿಸಿ ಬಣ್ಣದ ಚರ್ಚೆಗೆ ಇಳಿಯುತ್ತಾರೆ. ನನ್ನ ಹೆಂಡತಿಗೂ ನಮ್ಮೂರ ಹೆಂಚಿನ ಕೆಂಪೇ ಬೇಕಿತ್ತು. ಬಡಾವಣೆಯ ಸಂಘ ಒಪ್ಪುವ ಬಣ್ಣಗಳಲ್ಲಿ ಕೆಂಪು ಇರಲಿಲ್ಲ, ಹಾಗಾಗಿ ಆ ವಾದ ಬೇಗ ಮುಗಿಯಿತು. (ಬಿಸಿಲಿನ ಊರಿಗೆ ತಿಳಿ ಬಣ್ಣ ವಾಸಿ, ಅಷ್ಟೇ.) ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ಈ ಊರಿನ ಆಕಾಶ ಮಾಡಿಗೆ ಏನು ಮಾಡುತ್ತದೆ? ಫ್ಲಾರಿಡಾದಲ್ಲಿ ಚಂಡಮಾರುತ, ಅಲ್ಲಿ ಗಾಳಿಯ ಅಂಕಿ ನೋಡಬೇಕು. ಮಿನಸೋಟಾದಲ್ಲಿ ಹಿಮ, ಅಲ್ಲಿ ಸೂರಿನಂಚಿನ ಹೆಂಚಿನಡಿಗೆ ನೀರು ನುಗ್ಗದಂತೆ ಅಂಟುಹಾಳೆ ಹಾಕಿಸಬೇಕು. ತೇವದ ಊರುಗಳಲ್ಲಿ ಪಾಚಿಯಂಥ ಕಪ್ಪು ಗೀರು ಮೂಡುವುದರಿಂದ ತಾಮ್ರ ಸೇರಿದ ಹರಳು ಇರುವ ಹೆಂಚು ಕೇಳಬೇಕು. ಡಲ್ಲಾಸಿನಲ್ಲಿ ಆಲಿಕಲ್ಲು.

ಆಲಿಕಲ್ಲಿಗೆ ಒಂದು ಪರೀಕ್ಷೆ ಇದೆ, ಮಕ್ಕಳಿಗೆ ಇಷ್ಟವಾಗುವಂಥದ್ದು. ಎರಡು ಅಂಗುಲ ಅಡ್ಡಳತೆಯ ಉಕ್ಕಿನ ಗುಂಡನ್ನು ಇಪ್ಪತ್ತು ಅಡಿ ಎತ್ತರದಿಂದ ಹೆಂಚಿನ ಮೇಲೆ ಬೀಳಿಸುತ್ತಾರೆ, ಒಂದೇ ಜಾಗಕ್ಕೆ ಎರಡು ಸಲ. ಹಾಳೆಯ ಹಿಂಬದಿ ಬಿರಿಯದಿದ್ದರೆ ಅದಕ್ಕೆ ಕ್ಲಾಸ್ 4, ಅಂದರೆ ಅತಿ ಮೇಲಿನ ದರ್ಜೆ. ನಮ್ಮ ಶಾಲೆಗಳಲ್ಲಿ ಒಂದನೇ ರ‍್ಯಾಂಕ್ ದೊಡ್ಡದು, ಇಲ್ಲಿ ನಾಲ್ಕು ದೊಡ್ಡದು. ಇಂಥ ಹೆಂಚುಗಳಲ್ಲಿ ಹಲವಕ್ಕೆ ಡಾಂಬರಿನಲ್ಲಿ ರಬ್ಬರಿನಂಥ ವಸ್ತು ಬೆರೆಸಿರುತ್ತಾರೆ, ಪೆಟ್ಟು ಬಿದ್ದರೆ ಬಿರಿಯದೆ ಬಾಗುತ್ತದೆ. ಹಾಗೆಂದು ಎಂದೂ ಕೆಡುವುದಿಲ್ಲ ಎಂದಲ್ಲ.

ಬೆಲೆ ಹೆಚ್ಚು, ನಿಜ. ಇಲ್ಲಿ ಲೆಕ್ಕ ಮಾಡಬೇಕು. ಟೆಕ್ಸಾಸಿನಲ್ಲಿ ಆಲಿಕಲ್ಲಿನ ನಷ್ಟಕ್ಕೆ ವಿಮೆ ಪೂರ್ತಿ ಹಣ ಕೊಡುವುದಿಲ್ಲ. ಮನೆಯ ವಿಮಾ ಮೊತ್ತದ ಶೇಕಡಾ ಒಂದೋ ಎರಡೋ ಪಾಲನ್ನು ಮೊದಲು ನಾವೇ ಹಾಕಬೇಕು. ಇದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಉದಾಹರಣೆಗೆ ನಾಲ್ಕು ಲಕ್ಷ ಡಾಲರಿನ ಮನೆಗೆ ಶೇಕಡಾ ಎರಡು ಎಂದರೆ ಎಂಟು ಸಾವಿರ ಡಾಲರು, ಪ್ರತಿ ಸಲವೂ! ಗಟ್ಟಿ ಹೆಂಚಿಗೆ ಮೂರು ಸಾವಿರ ಹೆಚ್ಚು ಬಿತ್ತೆಂದು ಇಟ್ಟುಕೊಳ್ಳಿ. ಅದು ಮುಂದಿನ ಒಂದೇ ಒಂದು ಮಳೆಯಲ್ಲಿ ಮಾಡನ್ನು ಉಳಿಸಿದರೂ ಐದು ಸಾವಿರ ಉಳಿತಾಯ. ಕೂಲಿಯಂತೂ ಯಾವ ಹೆಂಚಿಗಾದರೂ ಹೆಚ್ಚುಕಡಿಮೆ ಒಂದೇ. ಇದರ ಮೇಲೆ ಕ್ಲಾಸ್ 4 ಹಾಕಿಸಿದವರಿಗೆ ಅಲ್ಲಿನ ಅನೇಕ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡುತ್ತವೆ. ಆದರೆ ಸಹಿ ಹಾಕುವ ಮುಂಚೆ ಸಣ್ಣಕ್ಷರ ಓದಿ. ಸೋರಿಕೆಯಾಗದೆ ಬರೀ ನೋಟಕ್ಕೆ ಕೆಟ್ಟರೆ ಹಣವಿಲ್ಲ ಎಂದು ಕೆಲವರು ಷರತ್ತು ಸೇರಿಸುತ್ತಾರೆ. ಹಳೆಯ ಮಾಡಿಗೆ ಸವಕಳಿ ಕಳೆದು ಕೊಡುತ್ತಾರೋ, ಹೊಸದರ ಬೆಲೆ ಕೊಡುತ್ತಾರೋ, ಅದನ್ನೂ ನೋಡಿ. ಬಿ.ಕಾಂ. ಓದಿದ್ದು ಎಪ್ಪತ್ತು ದಾಟಿದ ಮೇಲೂ ಉಪಯೋಗಕ್ಕೆ ಬಂತು!

ಮಳೆ ನಿಂತ ಮಾರನೆಯ ದಿನದಿಂದಲೇ ಬಾಗಿಲು ತಟ್ಟುವವರು ಬಂದರು. ಅವರಲ್ಲೊಬ್ಬ, "ನಿಮ್ಮ ಪಾಲಿನ ಡಿಡಕ್ಟಿಬಲ್ ಚಿಂತೆ ಬಿಡಿ, ನಾವು ನೋಡಿಕೊಳ್ಳುತ್ತೇವೆ" ಎಂದ. ಮಗಳು ಅರ್ಧ ಒಪ್ಪಿದ್ದಳು. ಎಂಟು ಸಾವಿರವನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಎಲ್ಲೋ ಮೊಳೆಯಲ್ಲಿ, ಹಾಳೆಯಲ್ಲಿ ಅಥವಾ ಸುಳ್ಳು ಬಿಲ್ಲಿನಲ್ಲಿ ಅದನ್ನು ತೆಗೆಯುತ್ತಾರೆ ಎಂದೆ. ಆಮೇಲೆ ನೋಡಿದರೆ ಅದು ಕಾನೂನಿಗೂ ವಿರುದ್ಧ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ ಗುತ್ತಿಗೆದಾರರು ಡಿಡಕ್ಟಿಬಲ್ ಬಿಟ್ಟುಕೊಡುವಂತಿಲ್ಲ, ಕಟ್ಟಿದ್ದಕ್ಕೆ ರಸೀದಿ ತೋರಿಸಿ ಎಂದು ವಿಮೆಯವರು ಕೇಳಬಹುದು.

ಅಂದಾಜುಪಟ್ಟಿ ಪರೀಕ್ಷಿಸಿದ್ದು ಎಂಟನೇ ತರಗತಿಯ ಮೊಮ್ಮಗ. ಅಲ್ಲಿ ನೂರು ಚದರ ಅಡಿಗೆ ಒಂದು ಸ್ಕ್ವೇರ್ ಎನ್ನುತ್ತಾರೆ. ನಮ್ಮ ಮೇಸ್ತ್ರಿಗಳು "ಹತ್ತು ಚದರದ ಮನೆ" ಎನ್ನುವುದೂ ಇದೇ ಲೆಕ್ಕ. ಸಾಮಾನ್ಯವಾಗಿ ಮೂರು ಬಂಡಲಿಗೆ ಒಂದು ಸ್ಕ್ವೇರ್. ಮಗಳ ಮನೆಯ ಮಾಡು ನೆಲದ ಮೇಲೆ ಅಳೆದರೆ 2000 ಚದರ ಅಡಿ. ಆದರೆ ಅದು ಇಳಿಜಾರು. ಹನ್ನೆರಡು ಅಂಗುಲ ಮುಂದೆ ಹೋದರೆ ಆರು ಅಂಗುಲ ಏರುತ್ತದೆ. ಹುಡುಗ ಪೈಥಾಗೊರಸ್ ಪ್ರಮೇಯ ಹಾಕಿದ: 144ಕ್ಕೆ 36 ಕೂಡಿದರೆ 180, ಅದರ ವರ್ಗಮೂಲ ಸುಮಾರು 13.4. ಅದನ್ನು 12ರಿಂದ ಭಾಗಿಸಿದರೆ ಸುಮಾರು 1.118. ಅಂದರೆ ಮಾಡು 2236 ಚದರ ಅಡಿ. ಕತ್ತರಿಸಿ ವ್ಯರ್ಥವಾಗುವುದಕ್ಕೆ ಶೇಕಡಾ ಹತ್ತು ಸೇರಿಸಿದರೆ ಇಪ್ಪತ್ತೈದು ಸ್ಕ್ವೇರಿನೊಳಗೆ. ಒಂದು ಪಟ್ಟಿಯಲ್ಲಿ ಮೂವತ್ತೆರಡು ಇತ್ತು. "ಅಜ್ಜ, ಏಳು ಜಾಸ್ತಿ ಯಾಕೆ?" ಎಂದು ಅವನು ಕೇಳಿದ್ದನ್ನೇ ನಾವು ಪತ್ರದಲ್ಲಿ ಕೇಳಿದೆವು. ಉತ್ತರ ಬರಲಿಲ್ಲ. ಆ ಗುತ್ತಿಗೆದಾರರನ್ನು ಬಿಟ್ಟೆವು.

ಎಷ್ಟು ಒಳ್ಳೆಯ ಹೆಂಚಾದರೂ ಮೊಳೆ ಸರಿಯಾಗದಿದ್ದರೆ ಗಾಳಿಗೆ ಹಾರುತ್ತದೆ. ಹಾಳೆಯ ಮೇಲೆ ಮೊಳೆ ಹೊಡೆಯುವ ಗೆರೆ ಇರುತ್ತದೆ, ಅದರ ಮೇಲೇ ಬೀಳಬೇಕು. ಸಾಮಾನ್ಯವಾಗಿ ಒಂದು ಹಾಳೆಗೆ ನಾಲ್ಕು, ಗಾಳಿಯ ಊರಿನಲ್ಲಿ ಆರು. ಮೊಳೆಗನ್ನಿನ ಒತ್ತಡ ಹೆಚ್ಚಾದರೆ ಮೊಳೆ ಹಾಳೆಯನ್ನೇ ಕತ್ತರಿಸಿ ಒಳಗೆ ಹೋಗುತ್ತದೆ. ಅಟ್ಟದಲ್ಲಿ ಗಾಳಿಯಾಡಲು ದಾರಿ ಇರಬೇಕು, ಇಲ್ಲದಿದ್ದರೆ ಹೆಂಚು ಕೆಳಗಿನಿಂದಲೂ ಬೇಯುತ್ತದೆ. ಹಳೆಯ ಹೆಂಚಿನ ಮೇಲೇ ಹೊಸದು ಹಾಕುತ್ತೇವೆ ಎನ್ನುವವರಿಗೆ ಬೇಡ ಎನ್ನಿ. ಅಡಿಯ ಪ್ಲೈವುಡ್ ಕೊಳೆತಿದೆಯೇ ಎಂದು ಆಗ ಕಾಣುವುದೇ ಇಲ್ಲ.

ಈಚೆಗೆ ನಮ್ಮ ಕರ್ನಾಟಕದಲ್ಲೂ ಈ ಹೆಂಚು ಸಿಗುತ್ತದೆ, ಇಳಿಜಾರು ಕಾಂಕ್ರೀಟಿನ ಮೇಲೆ ಹಾಕುತ್ತಾರೆ. ಮಲೆನಾಡಿನವನಾದ ನನ್ನನ್ನು ಕೇಳಿದರೆ ನಮಗೆ ಮಂಗಳೂರು ಹೆಂಚೇ ಸರಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಆ ಹೆಂಚು ರೀಪಿನ ಮೇಲೆ ಸುಮ್ಮನೆ ಕೂರುತ್ತದೆ. ಒಂದು ಒಡೆದರೆ ಏಣಿ ಹಾಕಿ ಇನ್ನೊಂದನ್ನು ಇಟ್ಟರಾಯಿತು. ಆದರೆ ಟೆಕ್ಸಾಸಿನ ಮರದ ಚೌಕಟ್ಟಿನ ಮನೆಗೆ ಅಷ್ಟು ಭಾರ ಹೊರಿಸಲು ಮನೆಯನ್ನೇ ಬಲಪಡಿಸಬೇಕಾದೀತು.

ಕರಾರಿನಲ್ಲಿ ಇನ್ನೊಂದು ಮಾತು ಬರೆಸಿಕೊಳ್ಳಿ. ಹಳೆಯ ಹೆಂಚು ಕೀಳುವಾಗ ಸಾವಿರಾರು ಮೊಳೆ ಅಂಗಳದ ಹುಲ್ಲಿಗೆ ಬೀಳುತ್ತವೆ. ಕೆಲಸ ಮುಗಿದ ಸಂಜೆ ಚಕ್ರದ ಮೇಲೆ ಕೂರಿಸಿದ ಅಯಸ್ಕಾಂತವನ್ನು ಅಂಗಳದ ತುಂಬ ಎಳೆದು ಅವನ್ನು ಹೆಕ್ಕಬೇಕು. ನಮ್ಮಲ್ಲಿ ಎರಡು ಸಲ ಎಳೆಸಿದೆವು. ಎರಡನೆಯ ಸಲವೂ ಮೊಮ್ಮಗ ಅದರಿಂದ ಹದಿನೇಳು ಮೊಳೆ ಎಣಿಸಿದ.