ವಸ್ತುಸಂಗ್ರಹಾಲಯವೂ ನಮ್ಮ ಉಸಿರೂ

ಮಳೆಗಾಲದಲ್ಲಿ ಮಲೆನಾಡಿನ ಮನೆಯೊಂದರ ಹಳೆಯ ಪೆಟ್ಟಿಗೆಯನ್ನು ತೆರೆದರೆ ಕಾಣುವುದೇನು? ಪುಸ್ತಕದ ರಟ್ಟಿನ ಮೇಲೆ ಬೂಸಲು, ಬಟ್ಟೆಯಲ್ಲಿ ಮುಗ್ಗಲು ವಾಸನೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಇಂತಹ ಸೀಮೆಯಲ್ಲಿ ಶತಮಾನಗಳ ಹಿಂದಿನ ಓಲೆಗರಿಗಳು ಇಂದಿಗೂ ಓದುವ ಸ್ಥಿತಿಯಲ್ಲಿ ಉಳಿದಿವೆಯೆಂದರೆ ಅದು ಸೋಜಿಗವೇ ಸರಿ. ಅವು ಉಳಿದುದು ಹೇಗೆ, ಇನ್ನು ಮುಂದೆ ಉಳಿಯಬೇಕಾದರೆ ನಾವು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳನ್ನೂ ಒಂದೇ ಇತಿಹಾಸವು ಬೆಸೆದಿದೆ. ಕೆಳದಿಯ ನಾಯಕರು ಹದಿನಾರನೆಯ ಶತಮಾನದ ಆದಿಭಾಗದಿಂದ ಈ ನಾಡನ್ನು ಆಳಿದರು. ಅವರ ಮೊದಲ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ. ಇವೆರಡೂ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯ ರಾಜಧಾನಿಯಾದ ಬಿದನೂರು ಇಂದು ನಗರವೆಂಬ ಹೆಸರಿನಿಂದ ಹೊಸನಗರ ತಾಲ್ಲೂಕಿನಲ್ಲಿದೆ. ೧೭೬೩ರಲ್ಲಿ ಅದು ಹೈದರ್ ಅಲಿಯ ವಶವಾಯಿತು. ಈ ಅರಸರ ಬಲವಾದ ಗಿರಿದುರ್ಗವಾಗಿದ್ದ ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದೆ.

ಕೋಟೆಯ ಕಲ್ಲು ಮಳೆಯನ್ನು ತಾಳಿಕೊಳ್ಳಬಲ್ಲುದು; ಓಲೆಯು ತಾಳಿಕೊಳ್ಳಲಾರದು. ಈ ಕಾರಣದಿಂದ ಸಾಗರದ ಸಮೀಪದ ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನ ಕೇಂದ್ರಕ್ಕೆ ವಿಶೇಷವಾದ ಮಹತ್ತ್ವವಿದೆ. ಇತಿಹಾಸ ಸಂಶೋಧಕರಾದ ಕೆಳದಿ ಗುಂಡಾಜೋಯಿಸರು ಕಟ್ಟಿ ಬೆಳೆಸಿದ ಈ ಸಂಸ್ಥೆಯು ಮುಂದೆ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಅಲ್ಲಿ ಓಲೆ ಮತ್ತು ಕಾಗದದ ಸುಮಾರು ಒಂದು ಸಾವಿರ ಹಸ್ತಪ್ರತಿಗಳಿವೆ. ತಿಗಳಾರಿ ಲಿಪಿಯ ಓಲೆಯ ಪ್ರತಿಗಳೇ ನಾನೂರರಷ್ಟಿವೆ. ಧರ್ಮಶಾಸ್ತ್ರ, ಸಾಹಿತ್ಯಗಳಲ್ಲದೆ ಗಣಿತ, ಜ್ಯೋತಿಷ, ವೈದ್ಯ, ಪಶುವೈದ್ಯಗಳೂ ಅವುಗಳಲ್ಲಿ ಅಡಗಿವೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕವಿಮನೆಯದು ಇನ್ನೊಂದು ಬಗೆ. ಕುವೆಂಪು ಅವರು ಬೆಳೆದ ಆ ತೊಟ್ಟಿಮನೆಯೇ ಈಗ ಸಂಗ್ರಹಾಲಯವಾಗಿದೆ. ಅಡಿಗೆಮನೆಯ ಪಾತ್ರೆಗಳು, ಬೇಸಾಯದ ಉಪಕರಣಗಳು, ಕವಿಯ ವಿವಾಹಮಂಟಪ ಇವುಗಳ ಮೂಲಕ ಒಂದು ಕಾಲದ ಜೀವನವೇ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಡಿಸೆಂಬರ್ ೨೯ರ ಕವಿಜನ್ಮದಿನದಂದು ಜನರು ಅಲ್ಲಿ ನೆರೆಯುತ್ತಾರೆ.

ಜನರು ಬರುವುದು ನೋಡುವುದಕ್ಕಾಗಿ ಮಾತ್ರವೆಂದು ತಿಳಿಯಬಾರದು. ಸಂಗ್ರಹಾಲಯಕ್ಕೇ ಜನರಿಂದ ಆಗಬೇಕಾದ ಕಾರ್ಯವುಂಟು. ಒಂದು ನಿದರ್ಶನವನ್ನು ನೋಡೋಣ. ಶಿವಪ್ಪನಾಯಕನು (ಆಳ್ವಿಕೆ ೧೬೪೫-೧೬೬೦) ಭೂಮಿಯನ್ನು ಅದರ ಫಲವತ್ತತೆಗೆ ಅನುಸಾರವಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದನು. ಇದು ಶಿಸ್ತು ಎಂದು ಪ್ರಸಿದ್ಧವಾಯಿತು. ಹಳೆಯ ಲೆಕ್ಕಪತ್ರಗಳಲ್ಲಿ ‘ಇಷ್ಟು ಖಂಡುಗದ ಗದ್ದೆ’ ಎಂಬ ಮಾತು ಬರುತ್ತದೆ. ಅಷ್ಟು ಬೀಜವನ್ನು ಬಿತ್ತುವಷ್ಟು ನೆಲವೆಂದು ಅದರ ಅರ್ಥ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗದ ಪ್ರಮಾಣವು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಬರಿಯ ಕೊಳಗವೊಂದನ್ನು ಗಾಜಿನ ಕಪಾಟಿನಲ್ಲಿ ಇಟ್ಟರೆ ಅದು ಒಂದು ಪಾತ್ರೆ ಮಾತ್ರ. ಇಂತಹ ಊರಿನ, ಇಂತಹ ಮನೆಯ ಅಳತೆ ಇದು ಎಂದು ಹಿರಿಯರೊಬ್ಬರು ಗುರುತಿಸಿ ಹೇಳಿದರೆ, ಅದು ಆ ಲೆಕ್ಕಪತ್ರವನ್ನು ಬಿಡಿಸುವ ಕೀಲಿಕೈಯಾಗುತ್ತದೆ. ಆದುದರಿಂದ ಊರಿನವರನ್ನು ಕರೆದು ವಸ್ತುಗಳನ್ನು ತೋರಿಸಿ, ಅವರ ಮಾತನ್ನು ಬರೆದಿಟ್ಟುಕೊಳ್ಳುವ ದಿನಗಳು ಸಂಗ್ರಹಾಲಯಕ್ಕೆ ಉತ್ಸವಗಳಲ್ಲ. ಅವು ಸಂಶೋಧನೆಯ ಒಂದು ಭಾಗ.

ಇಲ್ಲಿಯೇ ಒಂದು ತೊಡಕು ತಲೆದೋರುವುದು. ವಸ್ತುವಿಗೆ ಅರ್ಥವನ್ನು ಕೊಡುವ ಜನರೇ ಅದಕ್ಕೆ ಹಾನಿಯನ್ನೂ ತರುತ್ತಾರೆ.

೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು ೨೩ ಗ್ರಾಂ ನೀರಾವಿಯನ್ನು ಹೊಂದಿರಬಲ್ಲುದು. ಆ ಮಿತಿಯಲ್ಲಿ ವಾಸ್ತವವಾಗಿ ಎಷ್ಟು ಪಾಲು ತುಂಬಿದೆಯೆಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತೇವೆ. ಬೂಸಲಿನ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಆರ್ದ್ರತೆಯು ಶೇಕಡ ೬೫-೭೦ನ್ನು ಮೀರಿ ನಿಂತರೆ ಅವು ಮೊಳೆಯತೊಡಗುತ್ತವೆ. ಈಗ ೬ ಮೀಟರ್ ಉದ್ದ, ೫ ಮೀಟರ್ ಅಗಲ, ೪ ಮೀಟರ್ ಎತ್ತರದ ಕೊಠಡಿಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿರುವ ಗಾಳಿ ೧೨೦ ಘನಮೀಟರ್. ಅಲ್ಲಿಯ ಆರ್ದ್ರತೆಯು ಶೇಕಡ ೬೦ರಿಂದ ೭೫ಕ್ಕೆ ಏರಲು ಸುಮಾರು ೪೧೦ ಗ್ರಾಂ ನೀರಾವಿ ಸಾಕು. ಸುಮ್ಮನೆ ನಿಂತ ಒಬ್ಬ ಮನುಷ್ಯನ ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು ೫೦ ಗ್ರಾಂ ನೀರಾವಿ ಹೊರಬರುತ್ತದೆ. ಮೂವತ್ತು ಮಂದಿ ವಿದ್ಯಾರ್ಥಿಗಳು ಬಾಗಿಲು ಮುಚ್ಚಿದ ಆ ಕೊಠಡಿಯಲ್ಲಿ ನಿಂತರೆ ಹದಿನೇಳು ನಿಮಿಷಗಳೊಳಗಾಗಿಯೇ ಅಷ್ಟು ನೀರಾವಿ ಸೇರಿಬಿಡುವುದು! ಗೋಡೆ, ಮರಗಳು ಅದರಲ್ಲಿ ಕೊಂಚವನ್ನು ಹೀರಿಕೊಳ್ಳುವುವು. ಆದರೂ ಅಪಾಯದ ದಿಕ್ಕು ಸ್ಪಷ್ಟವಾಗಿದೆ. ಕಿಟಕಿಯನ್ನು ತೆರೆಯಬಹುದಲ್ಲವೆ? ಬೇಸಗೆಯಲ್ಲಿ ಆಗಬಹುದು, ಆಷಾಢದಲ್ಲಿ ತೆರೆದರೆ ಹೊರಗಿನ ತೇವವೇ ಒಳಕ್ಕೆ ನುಗ್ಗುವುದು.

ಬೆಳಕೂ ನಿರುಪದ್ರವಿಯಲ್ಲ. ಅದು ಮಾಡಿದ ಹಾನಿಯು ಕೂಡುತ್ತಲೇ ಹೋಗುವುದಲ್ಲದೆ ಮತ್ತೆ ಸರಿಹೋಗುವುದಿಲ್ಲ. ಆದ್ದರಿಂದ ಬಣ್ಣದ ಚಿತ್ರ, ಹಸ್ತಪ್ರತಿ ಮುಂತಾದ ಸೂಕ್ಷ್ಮ ವಸ್ತುಗಳ ಮೇಲೆ ಸುಮಾರು ೫೦ ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳಲ್ಲಿ ರೂಢಿಯಾದ ನಿಯಮ. ಬೆರಳಿನ ಬೆವರಿನಲ್ಲಿರುವ ಉಪ್ಪೂ ಜಿಡ್ಡೂ ಓಲೆಗೂ ಲೋಹಕ್ಕೂ ಕೇಡು.

ನಮ್ಮ ಹಿರಿಯರು ಈ ಲೆಕ್ಕವನ್ನು ಬರೆದು ನೋಡಿರಲಿಲ್ಲ; ಆದರೆ ಅದರ ಉತ್ತರವನ್ನು ಅನುಭವದಿಂದ ಬಲ್ಲವರಾಗಿದ್ದರು. ಓಲೆಯನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಆ ಗೀರುಗಳಿಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ತುಂಬುತ್ತಿದ್ದರು. ಅಕ್ಷರವು ಓಲೆಯ ಮೈಯೊಳಗೇ ಇದ್ದುದರಿಂದ ಮಸಿ ಮಾಸಿದರೂ ಗೀರು ಉಳಿಯಿತು. ಕಟ್ಟನ್ನು ಎರಡು ಮರದ ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿ, ಒಲೆಯ ಮೇಲಣ ಅಟ್ಟದಲ್ಲಿ ಇಡುತ್ತಿದ್ದರು. ಬಿಗಿಯಾದ ಕಟ್ಟಿನೊಳಕ್ಕೆ ತೇವವು ಮೆಲ್ಲನೆ ಮಾತ್ರ ಇಳಿಯಬಲ್ಲುದು. ಒಲೆಯ ಕಾವು ತೇವವನ್ನು ತಗ್ಗಿಸಿತು, ಹೊಗೆಯು ಹುಳುಗಳನ್ನು ದೂರವಿಟ್ಟಿತು. ಕಟ್ಟಿನ ಬಳಿ ಬಜೆಯ ಬೇರನ್ನಿಡುವ ವಾಡಿಕೆಯೂ ಇದ್ದಿತು. ಈಗ ಹೊಗೆಯಿಲ್ಲದ ಗ್ಯಾಸಿನ ಒಲೆ ಮನೆಮನೆಗೂ ಬಂದಿದೆ. ಅಡಿಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಅದು ಹಿತ. ಆದರೆ ಅಟ್ಟದ ಓಲೆಗೆ ತನ್ನ ಕಾವಲುಗಾರನೇ ಇಲ್ಲದಂತಾಯಿತು.

ಹಾಗಾದರೆ ಸಂಗ್ರಹಾಲಯದ ಬಾಗಿಲನ್ನು ಮುಚ್ಚಬೇಕೆ? ಖಂಡಿತ ಬೇಡ, ಬಾಗಿಲನ್ನು ಅರಿತು ತೆರೆಯಬೇಕು. ಮೇ ೧೮ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ೧೯೭೭ರಿಂದ ಅದು ನಡೆದುಬಂದಿದೆ. ಆದರೆ ಮಲೆನಾಡಿನಲ್ಲಿ ಮಳೆಗಾಲ ಸಮೀಪಿಸಿರುವ ಕಾಲ ಅದು. ಓಲೆಗಳನ್ನು ಬಿಚ್ಚಿ ತೋರಿಸಲು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳೇ ಲೇಸು. ಹತ್ತು ಹತ್ತು ಮಂದಿಯ ತಂಡಗಳಾಗಿ ಒಳಗೆ ಹೋಗಬಹುದು; ಸಭೆ, ಭಾಷಣಗಳು ಅಂಗಳದಲ್ಲಿ ನಡೆಯಬಹುದು. ಮುಟ್ಟಿ ನೋಡಲು ಹೊಸ ಓಲೆಯನ್ನೂ ಕಂಟವನ್ನೂ ಕೊಟ್ಟು, ವಿದ್ಯಾರ್ಥಿಗಳಿಂದ ತಮ್ಮ ಹೆಸರನ್ನೇ ಕೊರೆಯಿಸಬಹುದು. ಗೋಡೆಯ ಮೇಲೆ ಆರ್ದ್ರತಾಮಾಪಕವೊಂದನ್ನು ತೂಗಿಹಾಕಿ, ತಂಡವು ಒಳಗೆ ಬರುವ ಮೊದಲೂ ಆಮೇಲೂ ಅದನ್ನು ಓದಿಸಿದರೆ, ಅದೇ ಒಂದು ಒಳ್ಳೆಯ ಪ್ರಯೋಗಪಾಠವಾದೀತು.

ಕೊನೆಯದಾಗಿ, ನಮ್ಮ ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಓಲೆಯ ಕಟ್ಟು ಇದ್ದೀತು. ಅದನ್ನು ಸುಡುಬಿಸಿಲಿಗೆ ಹಾಕಬೇಡಿ; ಓಲೆ ಸೊಟ್ಟಗಾಗಿ ಸೀಳುತ್ತದೆ. ಅಡಿಗೆಯ ಎಣ್ಣೆಯನ್ನು ಹಚ್ಚಬೇಡಿ. ಓದಲು ಬಾರದೆಂದು ಹೊಳೆಗೆ ಬಿಡಬೇಡಿ. ಅದು ಯಾರಿಂದ ಬಂದಿತು, ಎಲ್ಲಿತ್ತು ಎಂಬುದನ್ನು ಮನೆಯ ಹಿರಿಯರಿಂದ ಇಂದೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಅನಂತರ ತಿಳಿದವರಿಗೆ ತೋರಿಸಿ. ಹಾಳಾಗುತ್ತಿರುವ ಓಲೆಯನ್ನು ತಜ್ಞರು ಉಳಿಸಿಕೊಟ್ಟಾರು. ಹಿರಿಯರೊಡನೆ ಮರೆಯಾದ ಮಾತನ್ನು ಯಾವ ತಜ್ಞನೂ ತಂದುಕೊಡಲಾರ.