ಸ್ಟೆಪ್ನಿ ಜೀನು: ಇಲಿಯ ಬಸಿರು ಕಲಿಸುವ ಟೆಸ್ಟಿಂಗ್ ಪಾಠ

ಪ್ರೋಲ್ಯಾಕ್ಟಿನ್ ಅಂದ್ರೆ ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಾಗೋದು ಜೀವಶಾಸ್ತ್ರದ ಒಂದೇ ಸಾಲು: ಪಿಟ್ಯುಟರಿ ಗ್ರಂಥಿ ಸ್ರವಿಸುವ, ತಾಯಿಯ ಎದೆಹಾಲಿಗೆ ಕಾರಣವಾಗುವ ಹಾರ್ಮೋನು. ಮನುಷ್ಯರಲ್ಲಿ ಇದಕ್ಕೆ ಇರೋದು ಒಂದೇ ಜೀನು, 6ನೇ ಕ್ರೋಮೋಸೋಮಿನಲ್ಲಿ. ಆದರೆ ಲ್ಯಾಬ್‌ಗಳಲ್ಲಿ ಸಾಕುವ ಸಣ್ಣ ಇಲಿಯ 13ನೇ ಕ್ರೋಮೋಸೋಮನ್ನು ತೆರೆದು ನೋಡಿದರೆ ಇದೇ ಕುಟುಂಬದ ಇಪ್ಪತ್ತಕ್ಕೂ ಹೆಚ್ಚು ಜೀನುಗಳು ಸಾಲಾಗಿ ಕೂತಿವೆ!

ಇಷ್ಟೊಂದು ಹೇಗೆ ಬಂದವು? ನಾವು ಕೋಡ್ ಬರೆಯುವಾಗ ಮಾಡೋದನ್ನೇ ವಿಕಾಸವೂ ಮಾಡಿದೆ: ಕಾಪಿ, ಪೇಸ್ಟ್, ಆಮೇಲೆ ಎಡಿಟ್. ಮೂಲ ಜೀನು ತನ್ನ ಹಳೆಯ ಕೆಲಸ ಮಾಡಿಕೊಂಡಿರುತ್ತದೆ, ಪ್ರತಿಗಳು ಲಕ್ಷಾಂತರ ವರ್ಷಗಳಲ್ಲಿ ಬದಲಾಗುತ್ತಾ ಹೊಸ ಕೆಲಸ ಹಿಡಿಯುತ್ತವೆ. ಇಲಿಯಲ್ಲಿ ಈ ಪ್ರತಿಗಳ ಪೈಕಿ ಹೆಚ್ಚಿನವು ಕೆಲಸ ಮಾಡೋದು ಬಸಿರಿನ ಸಮಯದಲ್ಲಿ, ಗರ್ಭಕೋಶ ಮತ್ತು ಜರಾಯುವಿನಲ್ಲಿ. ಜರಾಯು ಅಂದ್ರೆ ಪ್ಲಾಸೆಂಟಾ, ತಾಯಿಯ ರಕ್ತಕ್ಕೂ ಮರಿಗೂ ನಡುವಿನ ಇಂಟರ್‌ಫೇಸ್.

ಕೆಲವು ಪ್ರತಿಗಳ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಈ ಇಲಿಯ ಬಸಿರು ಸುಮಾರು 19–20 ದಿನ. ಅದು ನಿಲ್ಲಬೇಕಾದರೆ ಅಂಡಾಶಯದಿಂದ ಪ್ರೊಜೆಸ್ಟೆರಾನ್ ಬರುತ್ತಲೇ ಇರಬೇಕು. ಮೊದಲರ್ಧದಲ್ಲಿ ತಾಯಿಯ ಪಿಟ್ಯುಟರಿ ದಿನಕ್ಕೆ ಎರಡು ಬಾರಿ ಪ್ರೋಲ್ಯಾಕ್ಟಿನ್ ಬಿಟ್ಟು ಅದನ್ನು ನಡೆಸುತ್ತದೆ. ನಂತರ ಜರಾಯುವೇ ತನ್ನ ಪ್ಲಾಸೆಂಟಲ್ ಲ್ಯಾಕ್ಟೋಜನ್‌ಗಳ ಮೂಲಕ ಚಾರ್ಜ್ ತಗೊಳ್ಳುತ್ತದೆ. ಇವು ಪ್ರೋಲ್ಯಾಕ್ಟಿನ್ನಿನ ರಿಸೆಪ್ಟರ್ ಅನ್ನೇ ಬಳಸುತ್ತವೆ. ಆದರೆ ಕುಟುಂಬದ ಇನ್ನೂ ಹಲವು ಪ್ರೋಟೀನುಗಳು ಆ ರಿಸೆಪ್ಟರಿನ ಗೋಜಿಗೇ ಹೋಗೋದಿಲ್ಲ. ಹಾಗಾದರೆ ಅವು ಇರೋದು ಯಾಕೆ?

ಜೀನಿನ ಕೆಲಸ ತಿಳಿಯುವ ನೇರ ದಾರಿ ನಾಕ್‌ಔಟ್: ಆ ಜೀನನ್ನು ಕೆಡಿಸಿ, ಏನು ಹಾಳಾಗುತ್ತದೆ ಅಂತ ನೋಡುವುದು. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಮೈಕೆಲ್ ಸೋರ್ಸ್ ಅವರ ತಂಡ ಪಿಎಲ್‌ಪಿ-ಎ ಎಂಬ ಪ್ರೋಟೀನಿನ ಜೀನಿಗೆ ಹೀಗೆ ಮಾಡಿತು. ಇದು ಜರಾಯುವಿನ ಕೋಶಗಳಲ್ಲಿ ತಯಾರಾಗಿ, ಗರ್ಭಕೋಶದಲ್ಲಿರುವ ನ್ಯಾಚುರಲ್ ಕಿಲ್ಲರ್ ಎಂಬ ರಕ್ಷಣಾ ಕೋಶಗಳಿಗೆ ಅಂಟಿಕೊಳ್ಳುವ ಪ್ರೋಟೀನು. ಜೀನು ಕೆಟ್ಟ ಇಲಿಗಳನ್ನು ಲ್ಯಾಬ್‌ನ ಮಾಮೂಲಿ ವಾತಾವರಣದಲ್ಲಿ ಸಾಕಿದರು. ಬಸಿರಾದವು, ಮರಿ ಹಾಕಿದವು. ಸಾಮಾನ್ಯ ಇಲಿಗಳಿಗೂ ಇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ "ಇದು ಡೆಡ್ ಕೋಡ್, ಡಿಲೀಟ್ ಮಾಡಿದ್ರೂ ನಡೆಯುತ್ತೆ" ಅಂತ ಬರೆದು ಫೈಲ್ ಮುಚ್ಚಬಹುದಿತ್ತು. ತಂಡ ಹಾಗೆ ಮಾಡಲಿಲ್ಲ. ಬಸಿರಿ ಇಲಿಗಳನ್ನು ಆಮ್ಲಜನಕ ಕಡಿಮೆ ಇರುವ ವಾತಾವರಣದಲ್ಲಿಟ್ಟಿತು. ಸಾಮಾನ್ಯ ಇಲಿಗಳ ದೇಹ ಹೊಂದಿಕೊಂಡಿತು, ಬಸಿರು ಉಳಿಯಿತು. ಪಿಎಲ್‌ಪಿ-ಎ ಇಲ್ಲದ ಇಲಿಗಳಿಗೆ ಹೊಂದಿಕೊಳ್ಳಲು ಆಗಲಿಲ್ಲ, ಬಸಿರು ನಿಲ್ಲಲಿಲ್ಲ. 2004ರಲ್ಲಿ ಪ್ರಕಟವಾದ ಈ ಪ್ರಬಂಧದ ಮೊದಲ ಲೇಖಕಿ ರೂಪಶ್ರೀ ಐನ್.

ಇದೊಂದು ಆಕಸ್ಮಿಕ ಇರಬಹುದಲ್ವಾ? 2007ರಲ್ಲಿ ಅದೇ ತಂಡ ಕುಟುಂಬದ ಇನ್ನೊಂದು ಜೀನನ್ನು ಪರೀಕ್ಷಿಸಿತು. ಈ ಸಲದ ಪ್ರೋಟೀನು ಬರುವುದು ಜರಾಯುವಿನಿಂದಲ್ಲ, ಬಸಿರಿನಲ್ಲಿ ರೂಪಾಂತರಗೊಳ್ಳುವ ಗರ್ಭಕೋಶದ ಒಳಪದರದಿಂದ, ಅಂದ್ರೆ ತಾಯಿಯ ಕಡೆಯಿಂದ. ಫಲಿತಾಂಶ ಮಾತ್ರ ಅದೇ: ಮಾಮೂಲಿ ದಿನಗಳಲ್ಲಿ ತೊಂದರೆಯಿಲ್ಲ, ಆಮ್ಲಜನಕ ಕಡಿಮೆಯಾದರೆ ಬಸಿರು ಉಳಿಯೋದಿಲ್ಲ.

ಇಂಜಿನಿಯರಿಂಗ್ ಓದುವ ನಮಗೆ ಇದು ಹೊಸದೇನಲ್ಲ. ಕಾರಿನ ಸ್ಟೆಪ್ನಿ ತೆಗೆದಿಟ್ಟು ಊರೆಲ್ಲ ಸುತ್ತಿ ಬಂದರೂ ಕಾರು ಚೆನ್ನಾಗೇ ಓಡುತ್ತದೆ. ಹಾಗಂತ ಸ್ಟೆಪ್ನಿ ದಂಡ ಅನ್ನೋಕಾಗುತ್ತಾ? ಟೈರು ಪಂಕ್ಚರ್ ಆಗುವವರೆಗೆ ಆ ಪರೀಕ್ಷೆಗೆ ಅರ್ಥವಿಲ್ಲ. ಲ್ಯಾಬ್‌ನ ಪಂಜರದಲ್ಲಿ ಹೊತ್ತು ಹೊತ್ತಿಗೆ ಆಹಾರ, ಹಿತವಾದ ತಾಪಮಾನ, ಶತ್ರುಗಳ ಭಯವಿಲ್ಲ. ಈ ಜೀನುಗಳು ರೂಪುಗೊಂಡ ಜಗತ್ತು ಅದಲ್ಲ. ಆಯ್ಕೆ ನಡೆದದ್ದು ಕಷ್ಟದ ದಿನಗಳಲ್ಲಿ.

ಹಾಗಂತ ಇದನ್ನು ಮನುಷ್ಯರಿಗೆ ನೇರ ಪೇಸ್ಟ್ ಮಾಡುವಂತಿಲ್ಲ. ಈ ಎರಡೂ ಜೀನುಗಳು ನಮ್ಮಲ್ಲಿಲ್ಲ. ನಮ್ಮ ಪ್ಲಾಸೆಂಟಲ್ ಲ್ಯಾಕ್ಟೋಜನ್ ಕೂಡ ಬಂದಿರೋದು ಬೆಳವಣಿಗೆಯ ಹಾರ್ಮೋನಿನ ಜೀನು ಕುಟುಂಬದಿಂದ, ಅದು ಇರೋದು 17ನೇ ಕ್ರೋಮೋಸೋಮಿನಲ್ಲಿ. ಆದರೆ ಸಮಸ್ಯೆ ನಮ್ಮದೂ ಹೌದು: ಆಮ್ಲಜನಕ ಕಡಿಮೆ ಇರುವ ಎತ್ತರದ ಪ್ರದೇಶಗಳಲ್ಲಿ ಹುಟ್ಟುವ ಮಕ್ಕಳ ತೂಕ ಸರಾಸರಿ ಕಡಿಮೆ. ಒತ್ತಡದಲ್ಲಿ ಬಸಿರನ್ನು ಕಾಯುವ ವ್ಯವಸ್ಥೆ ನಮ್ಮಲ್ಲಿ ಯಾವುದು, ಅದು ಎಲ್ಲಿ ಸೋಲುತ್ತದೆ ಅನ್ನೋದು ತಾಯಿ–ಮಗುವಿನ ಜೀವದ ಪ್ರಶ್ನೆ.

ಆದ್ದರಿಂದ ಇನ್ನು ಮುಂದೆ "ತೆಗೆದರೂ ಏನೂ ವ್ಯತ್ಯಾಸ ಆಗಲಿಲ್ಲ" ಎಂಬ ಫಲಿತಾಂಶ ಕಂಡಾಗ, ಅದು ಜೀನಿನದ್ದಾಗಲಿ, ನಮ್ಮದೇ ಪ್ರಾಜೆಕ್ಟಿನ ಒಂದು ಫಂಕ್ಷನ್ನಿನದ್ದಾಗಲಿ, ಡಿಲೀಟ್ ಒತ್ತುವ ಮುಂಚೆ ಕೇಳೋಣ: ಟೆಸ್ಟ್ ಮಾಡಿದ್ದು ಯಾವ ಲೋಡ್‌ನಲ್ಲಿ?